ಇಮೇಜ್ ಲಾಗ್‌ನಲ್ಲಿ 25 ಡಿಗ್ರಿ ಓರೆ: ಪದರಗಳು ವಾಲಿವೆಯೋ, ಮರಳು ಹಾಗೆಯೇ ಕೂತಿತ್ತೋ?

ಪ್ರಶ್ನೆ

ಭೂವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಯಾದ ನನಗೆ ಅಭ್ಯಾಸಕ್ಕೆಂದು ನೇರವಾಗಿ ಕೆಳಕ್ಕೆ ಕೊರೆದ ಒಂದು ರಂಧ್ರದ ವಿದ್ಯುತ್ ರೋಧದ ಇಮೇಜ್ ಲಾಗ್ (ರಂಧ್ರದ ದುಂಡು ಗೋಡೆಯನ್ನು ಬಿಡಿಸಿ ಚಪ್ಪಟೆಯಾಗಿ ಹಾಸಿದಂಥ ಚಿತ್ರ, ಅದರಲ್ಲಿ ಓರೆ ಪದರ ಅಲೆಯಂತೆ ಕಾಣುತ್ತದೆ) ಕೊಟ್ಟಿದ್ದಾರೆ. ರಂಧ್ರದ ವ್ಯಾಸ 8.5 ಇಂಚು, ಅಂದರೆ 216 ಮಿ.ಮೀ. ಮರಳುಗಲ್ಲಿನ ಭಾಗದಲ್ಲಿ ಅಲೆಯಂತೆ ಕಾಣುವ ರೇಖೆಗಳ ತುದಿಯಿಂದ ತಗ್ಗಿನವರೆಗಿನ ಎತ್ತರ ಸುಮಾರು 100 ಮಿ.ಮೀ. ಇದೆ. ಅದನ್ನು ವ್ಯಾಸದಿಂದ ಭಾಗಿಸಿ ಕೋನ ತೆಗೆದರೆ 25 ಡಿಗ್ರಿ ಬರುತ್ತದೆ, ತಗ್ಗು ಪೂರ್ವಕ್ಕಿದೆ. ಇಡೀ ಶಿಲಾಸಮೂಹವೇ ಪೂರ್ವಕ್ಕೆ 25 ಡಿಗ್ರಿ ವಾಲಿದೆಯೆಂದು ಬರೆಯಬಹುದೇ? ಬಾದಾಮಿಯ ಮರಳುಗಲ್ಲಿನಲ್ಲಿ ಓರೆಪದರಗಳನ್ನು ಕಂಡಿದ್ದರಿಂದ ಹಾಗೆ ಬರೆಯಲು ಕೈ ಬರುತ್ತಿಲ್ಲ.

ಉತ್ತರ 1

ನಿಮ್ಮ ಲೆಕ್ಕ ಸರಿ, ಅನುಮಾನವೂ ಸರಿ. ಮರಳು ನೀರಿನಲ್ಲಾಗಲಿ ಗಾಳಿಯಲ್ಲಾಗಲಿ ದಿಬ್ಬದ ಇಳಿಜಾರಿನ ಮೇಲೆ ಓರೆಯಾಗಿಯೇ ಕೂರಬಲ್ಲದು. ಆದರೆ ಜೇಡಿಕಲ್ಲಿನ ನುಣ್ಣನೆಯ ಕಣಗಳು ನಿಂತ ನೀರಿನಲ್ಲಿ ಮೆಲ್ಲಗೆ ಇಳಿದು ಬಹುಮಟ್ಟಿಗೆ ಸಮತಲವಾಗಿ ಹರಡಿಕೊಳ್ಳುವುದರಿಂದ, ಅವುಗಳಲ್ಲಿ ಇಂದು ಕಾಣುವ ವಾಲಿಕೆಯನ್ನು ಆಮೇಲಿನ ಭೂಚಲನೆಯದೆಂದು ತಿಳಿಯಬಹುದು. ಆದ್ದರಿಂದ ಮೊದಲು ಜೇಡಿಕಲ್ಲಿನ ಪದರಗಳನ್ನು ಅಳೆಯಿರಿ. ರಂಧ್ರದಲ್ಲಿ ಕಾಣುವುದು ಒಂದು ಗೇಣಿನಷ್ಟು ಅಗಲದ ಬಂಡೆ ಮಾತ್ರ. ಬಾದಾಮಿಯಲ್ಲಿ ಕಣ್ಣಿಗೆ ಸಿಕ್ಕಿದ ಅಕ್ಕಪಕ್ಕದ ಹರವು ಇಲ್ಲಿ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು

ಅಳೆದೆ, ಸರ್. ಮೇಲಿನ ಮತ್ತು ಕೆಳಗಿನ ಜೇಡಿಕಲ್ಲುಗಳೆರಡರಲ್ಲೂ ಅಲೆಯ ಎತ್ತರ ಸುಮಾರು 30 ಮಿ.ಮೀ., ಅಂದರೆ 8 ಡಿಗ್ರಿ, ಪೂರ್ವಕ್ಕೇ. ಮರಳುಗಲ್ಲಿನ ಪ್ರತಿ ಕಂತಿನಲ್ಲಿ (ಒಟ್ಟಾಗಿ ಕೂತ ಪದರಗಳ ಗುಂಪಿನಲ್ಲಿ) ಓರೆ ಕೆಳಗೆ ಕಡಿಮೆಯಿದ್ದು ಮೇಲೆ ಹೋದಂತೆ ಹೆಚ್ಚುತ್ತದೆ, ನಂತರ ಥಟ್ಟನೆ ಕತ್ತರಿಸಿಹೋಗುತ್ತದೆ.

ಉತ್ತರ 1

ಓರೆಪದರದ ಲಕ್ಷಣವೇ ಅದು: ಬುಡದಲ್ಲಿ ಬಾಗಿ ನೆಲಕ್ಕೆ ತಾಗುತ್ತದೆ, ತಲೆಯನ್ನು ಮುಂದಿನ ಪ್ರವಾಹ ಕೊರೆದೊಯ್ದಿರುತ್ತದೆ. ಎರಡೂ ಪೂರ್ವಕ್ಕೇ ವಾಲಿರುವುದರಿಂದ 25ರಿಂದ 8 ಕಳೆದರೆ ಮರಳು ಕೂತಾಗಿನ ಓರೆ 17 ಡಿಗ್ರಿ. ಜೇಡಿಕಲ್ಲು ಪಶ್ಚಿಮಕ್ಕೆ ವಾಲಿದ್ದರೆ ಕೂಡಬೇಕಾಗುತ್ತಿತ್ತು. ಆಗ ಬರುವ 33, ಒಣ ಮರಳು ಜಾರದೆ ನಿಲ್ಲಬಲ್ಲ ಮಿತಿಯ ಹತ್ತಿರದ್ದು, ನೀವು ಗಾಳಿಯ ದಿಬ್ಬಗಳತ್ತ ಯೋಚಿಸಬೇಕಾಗುತ್ತಿತ್ತು. ದಿಕ್ಕುಗಳು ಬೇರೆಬೇರೆಯಾಗಿದ್ದರೆ ಸರಳ ಕಳೆಯುವಿಕೆ ನಡೆಯದು. ಮೂರು ಆಯಾಮಗಳಲ್ಲಿ ತಿರುಗಿಸಬೇಕು, ಅದನ್ನು ಸಾಫ್ಟ್‌ವೇರ್ ಮಾಡಿಕೊಡುತ್ತದೆ.

ಉತ್ತರ 2

ಒಂದು ಎಚ್ಚರಿಕೆ: ಕಂಡ ಅಲೆಗಳೆಲ್ಲ ಪದರಗಳಲ್ಲ. 2006ರಲ್ಲಿ ರಾಷ್ಟ್ರೀಯ ಗ್ಯಾಸ್ ಹೈಡ್ರೇಟ್ ಕಾರ್ಯಕ್ರಮವು ಕೃಷ್ಣಾ–ಗೋದಾವರಿ ಕಡಲಾಳದಲ್ಲಿ ಕೊರೆದಾಗ, ಜೇಡಿಯಲ್ಲಿನ ಕಡಿದಾದ ಬಿರುಕುಗಳನ್ನು ಹೈಡ್ರೇಟ್ (ಅನಿಲವನ್ನು ಹಿಡಿದಿಟ್ಟ ಮಂಜುಗಡ್ಡೆಯಂಥ ವಸ್ತು) ತುಂಬಿಕೊಂಡಿದ್ದುದು ಇಮೇಜ್ ಲಾಗ್‌ನಲ್ಲಿ ಎತ್ತರದ, ಹೊಳೆಯುವ ಅಲೆಗಳಾಗಿ ಕಂಡಿತ್ತು. ವಿದ್ಯುತ್ತನ್ನು ತಡೆಯುವ ವಸ್ತು ಸಾಮಾನ್ಯವಾಗಿ ಬೆಳ್ಳಗೆ, ಹರಿಯಬಿಡುವುದು ಕಪ್ಪಗೆ ಬರುತ್ತದೆ. ಪದರಗಳನ್ನು ಅಡ್ಡ ಹಾಯುವ ರೇಖೆಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿಕೊಳ್ಳಿ. ಗೋಡೆಗೆ ಒತ್ತಿಕೊಂಡು ಅಳೆಯುವ ಪ್ಯಾಡ್‌ಗಳ ನಡುವಿನ ಖಾಲಿ ಪಟ್ಟಿಗಳನ್ನೂ ಗಮನಿಸಿ. ಎಂಟು ಇಂಚಿನ ರಂಧ್ರದಲ್ಲೇ ಸಾಮಾನ್ಯ ಉಪಕರಣ ಗೋಡೆಯ ಸುಮಾರು 80% ಅನ್ನಷ್ಟೇ ನೋಡುತ್ತದೆ. ಅಲೆಯ ತುದಿಯೋ ತಗ್ಗೋ ಆ ಪಟ್ಟಿಯೊಳಗೆ ಬಿದ್ದಿದ್ದರೆ, ನೀವು ಅಳೆದ 100 ಮಿ.ಮೀ.ಯಲ್ಲಿ ಒಂದು ಪಾಲು ಊಹೆಯದಾಗಿರುತ್ತದೆ.