ಸಹಾಯ ಬೇಕು: ಆನ್‌ಲೈನ್ ಕ್ಲಾಸಿಗೆ ಒಪ್ಪದ ಗಣಿತ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಜುಲೈ ಬಂತೆಂದರೆ ಇಲ್ಲಿ ಮಳೆ ರಜೆ ಶುರು. ಎಸ್ಸೆಸ್ಸೆಲ್ಸಿ ಮಕ್ಕಳ ಪಾಠ ಹಿಂದೆ ಬೀಳಬಾರದು ಅಂತ ಆ ದಿನಗಳಲ್ಲಿ ಆನ್‌ಲೈನ್ ಕ್ಲಾಸ್ ಮಾಡೋಣ ಎಂದುಕೊಂಡಿದ್ದೇವೆ. ನಮ್ಮ ಹಿರಿಯ ಗಣಿತ ಮೇಷ್ಟ್ರು ಮಾತ್ರ ಒಪ್ಪುತ್ತಿಲ್ಲ.

ಅವರು ಕೆಲಸಕ್ಕೆ ಹಿಂಜರಿಯುವವರಲ್ಲ. 2020ರಲ್ಲಿ ಶಾಲೆ ಮುಚ್ಚಿದ್ದಾಗ ಮಕ್ಕಳಿರುವಲ್ಲಿಗೇ ಹೋಗಿ ಕಲಿಸುವ ಸರ್ಕಾರದ ವಿದ್ಯಾಗಮ ಯೋಜನೆಗೆ ದೇವಸ್ಥಾನದ ಜಗಲಿ, ಮರದ ನೆರಳು ಅಂತ ಊರೂರು ಸುತ್ತಿ ಪಾಠ ಮಾಡಿದವರು. "ಪ್ರಮೇಯ ಬಿಡಿಸುವಾಗ ಯಾರ ಹುಬ್ಬು ಗಂಟಾಗುತ್ತೆ ನೋಡ್ಕೊಂಡೇ ಮುಂದಿನ ಸಾಲು ಬರೆಯೋದು. ಮುಖವೇ ಕಾಣದಿದ್ರೆ ಏನು ಹೇಳಲಿ?" ಅಂತಾರೆ. ಮಾತು ನಿಜವೇ ಅಲ್ವಾ? ಮಕ್ಕಳು ಕ್ಯಾಮೆರಾ ಹಾಕಿದರೆ ನೆಟ್ ಕಟ್ ಆಗುತ್ತದೆ. ಪಾಠ ರೆಕಾರ್ಡ್ ಆಗಿ ಎಲ್ಲೆಲ್ಲೋ ಹೋಗುತ್ತದೆ ಎಂಬ ಅಳುಕೂ ಅವರಿಗಿದೆ. ಸುಮ್ನೆ ಒತ್ತಾಯ ಮಾಡಿದರೆ ಹೆಸರಿಗೊಂದು ಕ್ಲಾಸ್ ಆಗುತ್ತದೆ ಅಷ್ಟೇ. ಅದು ನನಗೆ ಬೇಡ.

ಗಣಿತ ಕಲಿಸುವವರು ದಯವಿಟ್ಟು ಹೇಳಿ. ಹಾಳೆಯ ಮೇಲೆ ಬರೆಯುತ್ತಾ ತೋರಿಸಲು ಮೊಬೈಲನ್ನು ಹೇಗೆ ನಿಲ್ಲಿಸುತ್ತೀರಿ? ನಾವು ನೋಡಿದಾಗ ಕೈ ನೆರಳು ಅಕ್ಷರದ ಮೇಲೇ ಬೀಳುತ್ತಿತ್ತು. ಪೆನ್ ಟ್ಯಾಬ್ಲೆಟ್ (ಬರೆದದ್ದು ಪರದೆಯಲ್ಲಿ ಮೂಡುವ ಹಲಗೆ) ತಗೊಂಡರೆ ಐವತ್ತು ದಾಟಿದವರ ಕೈಗೆ ಬೇಗ ಹತ್ತುತ್ತದಾ? ಮಕ್ಕಳಿಗೆ ಅರ್ಥವಾಯಿತೋ ಇಲ್ಲವೋ ತಿಳಿಯಲು ಏನು ಮಾಡುತ್ತೀರಿ? ಸರ್ಕಾರದ ದೀಕ್ಷಾ ಆ್ಯಪಿನ ಪಾಠದ ವಿಡಿಯೋ ಹಾಕಿಬಿಡಿ ಅನ್ನಬೇಡಿ, ಮಕ್ಕಳಿಗೆ ಬೇಕಿರುವುದು ಅವರದೇ ಮೇಷ್ಟ್ರ ಪಾಠ.

ಮೊದಲು ಬೇಡ ಅಂದು ಆಮೇಲೆ ಒಪ್ಪಿದ ಹಿರಿಯ ಶಿಕ್ಷಕರು ಇಲ್ಲಿದ್ದರೆ, ನಿಮ್ಮ ಮನಸ್ಸು ಬದಲಾಗಿದ್ದು ಯಾವುದರಿಂದ ಅಂತ ಬರೆಯಿರಿ. ಅದನ್ನು ಅವರಿಗೇ ಓದಿಸುತ್ತೇನೆ.