ಬೇಸ್‌ಮೆಂಟಿಗೆ ನೀರು ನುಗ್ಗಿದ ಆಫೀಸ್ ಬಿಲ್ಡಿಂಗ್: ಕರೆಂಟ್ ಯಾವಾಗ ಕೊಡೋದು, ಬಾಡಿಗೆ ಕಥೆ ಏನು?

ಬೆಳ್ಳಂದೂರು_ಬಿಲ್ಡಿಂಗ್:
ನಮಸ್ಕಾರ. ಬೆಳ್ಳಂದೂರಿನ ಹತ್ತಿರ ಅಪ್ಪ ಕಟ್ಟಿಸಿದ ನಾಲ್ಕು ಮಹಡಿಯ ಬಿಲ್ಡಿಂಗ್ ಇದೆ. ನೋಡಿಕೊಳ್ಳುವವನು ನಾನು. ಮೊನ್ನೆ ರಾಜಕಾಲುವೆ ಉಕ್ಕಿ ಬೇಸ್‌ಮೆಂಟಿನಲ್ಲಿ ಎದೆಮಟ್ಟ ನೀರು. ಮೇನ್ ಪ್ಯಾನೆಲ್, ಜನರೇಟರ್, ಲಿಫ್ಟ್ ಗುಂಡಿ, ಸಂಪು ಎಲ್ಲಾ ಮುಳುಗಿದವು. ಪಂಪ್ ಹಾಕಿ ನೀರು ತೆಗೆಸಿದ್ದಾಯಿತು. ಮೇಲಿನ ಮಹಡಿಗಳಿಗೆ ಏನೂ ಆಗಿಲ್ಲ. ಎಲೆಕ್ಟ್ರಿಷಿಯನ್ ಹೇರ್ ಡ್ರೈಯರ್ ಹಿಡಿದು ಪ್ಯಾನೆಲ್ ಒಣಗಿಸಿ, "ಆನ್ ಮಾಡೋಣ ಸಾರ್" ಅಂತಿದ್ದಾರೆ. ಎರಡನೇ ಮಹಡಿಯವರು ಬಾಡಿಗೆ ಕೊಡಲ್ಲ, ಲೀಸೇ ರದ್ದು ಅಂತಿದ್ದಾರೆ. ಏನು ಮಾಡಲಿ?

ಹಳೇ_ಮೇಂಟೆನೆನ್ಸ್:
ಆನ್ ಮಾಡಬೇಡಿ! 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡ್ ಮುಳುಗಿದಾಗ ನಾನೂ ಅದೇ ಏರಿಯಾದಲ್ಲಿ ಇಂಥದ್ದೊಂದು ಬಿಲ್ಡಿಂಗ್ ನೋಡಿಕೊಳ್ಳುತ್ತಿದ್ದೆ. ಹೀಗೇ ಅವಸರಪಟ್ಟೆವು. ಹತ್ತು ನಿಮಿಷಕ್ಕೆ ಢಬ್ ಅಂತು. ಬ್ರೇಕರ್ ಹೊರಗಿಂದ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಕೆಸರು ಕೂತಿರುತ್ತದೆ. ಮುಳುಗಿದ ಬ್ರೇಕರ್‌ಗಳನ್ನು ಎಸೆದು ಹೊಸದು ಹಾಕಿ. ಕೇಬಲ್, ಬಸ್‌ಬಾರ್ (ಪ್ಯಾನೆಲ್ ಒಳಗೆ ಕರೆಂಟ್ ಹಂಚುವ ಲೋಹದ ಪಟ್ಟಿ) ತೊಳೆಸಿ, ಒಣಗಿಸಿ, ಮೆಗರ್ ಹಾಕಿಸಿ, ಅಂದರೆ ಕರೆಂಟ್ ಸೋರುತ್ತದಾ ಅಂತ ಇನ್ಸುಲೇಷನ್ ಅಳೆಯುವ ಮೀಟರ್. 500 ವೋಲ್ಟ್ ಮೆಗರ್‌ನಲ್ಲಿ 1 ಮೆಗಾ ಓಮ್ ಕೂಡ ಬರದಿದ್ದರೆ ಇನ್ನೂ ತೇವ ಇದೆ ಅಂತ ಅರ್ಥ.

ಜನರೇಟರ್‌ಗೆ ಸೆಲ್ಫ್ ಹೊಡೆಯುವ ಮುಂಚೆ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಲಿಫ್ಟನ್ನು ಕಂಪನಿಯವರೇ ನೋಡಲಿ.

ಗೋಡೆ ಮಾತ್ರ ಈಗಲೇ ತೊಳೆಯಬೇಡಿ. ನೀರು ನಿಂತ ಗೆರೆಯ ಪಕ್ಕ ಟೇಪು ಹಿಡಿದು ಫೋಟೋ ತೆಗೆಯಿರಿ. ಇನ್ಶೂರೆನ್ಸ್ ಸರ್ವೇಯರ್ ಮೊದಲು ಕೇಳುವುದೇ ಅದನ್ನು. ಬಿಚ್ಚಿದ ಬ್ರೇಕರ್‌ಗಳನ್ನೂ ಅವರು ನೋಡುವ ತನಕ ಗುಜರಿಗೆ ಹಾಕಬೇಡಿ.

ಲೀಸ್_ಲೆಕ್ಕ:
ಬಾಡಿಗೆ ವಿಷಯ ನಾನು ಹೇಳುತ್ತೇನೆ. ಮೊದಲು ನಿಮ್ಮ ಲೀಸ್ ಡೀಡ್ ಓದಿ. ಪ್ರವಾಹದ ಬಗ್ಗೆ ಅದರಲ್ಲಿ ಏನಾದರೂ ಬರೆದಿದ್ದರೆ ಅದೇ ನಡೆಯುತ್ತದೆ. ಇಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್. ಪ್ರವಾಹದಿಂದ ಜಾಗದ ಮುಖ್ಯ ಭಾಗವೇ ಪೂರ್ತಿ ಹಾಳಾದರೆ, ಇಲ್ಲವೇ ಬಹುಮಟ್ಟಿಗೆ ಮತ್ತು ಶಾಶ್ವತವಾಗಿ ಬಳಕೆಗೆ ಬಾರದಂತಾದರೆ, ಬಾಡಿಗೆದಾರರು ಲೀಸ್ ಬಿಡಬಹುದು. "ಶಾಶ್ವತವಾಗಿ" ಅನ್ನೋದನ್ನು ಗಮನಿಸಿ. ಮೂರು ವಾರ ಕರೆಂಟ್ ಇಲ್ಲ ಅನ್ನೋದು ಅದರೊಳಗೆ ಬರುವುದು ಕಷ್ಟ.

ಆದರೂ ಸೆಕ್ಷನ್ ತೋರಿಸಿ ಜಗಳಕ್ಕೆ ಹೋಗಬೇಡಿ. ಕರೆಂಟ್ ಇಲ್ಲದ ಆಫೀಸಿಗೆ ಪೂರ್ತಿ ಬಾಡಿಗೆ ಕೇಳೋದು ಯಾವ ನ್ಯಾಯ, ಅಲ್ವಾ? ನೀರು ನುಗ್ಗಿದ ದಿನದಿಂದ ಕರೆಂಟ್ ಬರುವ ದಿನದವರೆಗೆ ಬಾಡಿಗೆ, ಮೇಂಟೆನೆನ್ಸ್ ಎರಡೂ ಬೇಡ ಅಂತ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಈ ತಿಂಗಳ ಬಿಲ್ ಆಗಲೇ ಕಳಿಸಿದ್ದರೆ ಕ್ರೆಡಿಟ್ ನೋಟ್ (ಬಿಲ್ ಮೊತ್ತ ಕಡಿಮೆ ಮಾಡಿದ್ದೇವೆ ಅನ್ನುವ ಚೀಟಿ) ಕೊಡಿ. ಇಲ್ಲದಿದ್ದರೆ ಬಾರದ ಬಾಡಿಗೆಗೂ ನೀವು ಸುಮ್ನೆ 18% ಜಿಎಸ್‌ಟಿ ಕಟ್ಟಬೇಕಾಗುತ್ತದೆ. ಪಾಲಿಸಿಯಲ್ಲಿ ಬಾಡಿಗೆ ನಷ್ಟದ ಕವರ್ ಇದೆಯಾ ಅಂತಲೂ ನೋಡಿ.

ಬೆಳ್ಳಂದೂರು_ಬಿಲ್ಡಿಂಗ್:
ಡಿಪ್‌ಸ್ಟಿಕ್ ಎಳೆದೆ, ಥೇಟ್ ಕಾಫಿ! ಹೇರ್ ಡ್ರೈಯರ್ ವಾಪಸ್ ಕಳಿಸಿದೆ. ಎರಡನೇ ಮಹಡಿಯವರು ಒಪ್ಪಿದರು, ಆದರೆ ಪ್ಯಾನೆಲ್ ಮೇಲಕ್ಕೆ ಬರಲೇಬೇಕಂತೆ.

ಹಳೇ_ಮೇಂಟೆನೆನ್ಸ್:
ಸರಿಯಾಗೇ ಕೇಳಿದ್ದಾರೆ. ಗ್ರೌಂಡ್ ಫ್ಲೋರಿನಲ್ಲಿ ಮೂರಡಿ ಕಟ್ಟೆ ಕಟ್ಟಿಸಿ ಅದರ ಮೇಲೆ ಇಡಿ.

ಬೆಳ್ಳಂದೂರು_ಬಿಲ್ಡಿಂಗ್:
ಇಡಬಹುದು. ಅಲ್ಲಿ ಅಪ್ಪನ ಕಾರು ನಿಲ್ಲುತ್ತದೆ. ಅವರ ಹತ್ತಿರ ಇನ್ನೂ ಬಾಯಿ ಬಿಟ್ಟಿಲ್ಲ.