ಸಹಾಯ ಬೇಕು: ವಿಜಯಪುರದಾಗ ಓಡ್ತಿರೋ ಫಿಲ್ಟರಿನ ಹಳೇ ಸ್ಪಂಜ್
ಯಾರೋ ಬಿಟ್ಟುಹೋದ 60 ಲೀಟರ್ ಅಕ್ವೇರಿಯಂನಾಗ ನಾಕು ಗೋಲ್ಡ್‌ಫಿಶ್ ಅದಾವ. ರೆಕ್ಕೆ ಹರಿದಾವ, ಉಸಿರಿಗೆ ಮ್ಯಾಲೆ ಬರ್ತಾವ. ಹಳೇ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತಿ) 6, ಬೋರ್ ನೀರಿಂದು 8. ಬಾಳ ನೀರು ಒಮ್ಮೆಲೇ ಬದಲಿಸಿದ್ರ ಪಿಎಚ್ ಏರಿ, ಮೀನಿನ ಹೊಲಸಿನಿಂದ ಬಂದು ನೀರಾಗ ಉಳಿದ, ಅಷ್ಟು ವಿಷ ಇಲ್ಲದ ಅಮೋನಿಯಂ ವಿಷದ ಅಮೋನಿಯಾ ಆಗ್ತೈತಿ, ಕಿವಿರು ಸುಡ್ತೈತಿ. ಅದಕ್ಕ ದಿನಾ 10% ಅಷ್ಟೇ ಬದಲಿಸಾಕತ್ತೀವಿ. ಲೀಟರಿಗೆ 1 ಗ್ರಾಂ ಕಲ್ಲುಪ್ಪು, ಏರ್ ಪಂಪ್ ಹಗಲು ರಾತ್ರಿ, ತಿನ್ನಾಕ ಚಿಟಿಕೆಯಷ್ಟು.

ಓಡ್ತಿರೋ ಫಿಲ್ಟರಿನ ಸ್ಪಂಜಿನ್ಯಾಗ ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ಇರ್ತಾವ, ಅದಕ್ಕ ಹಳೇದು ಬೇಕು. ಸ್ಪಂಜ್ ಕೊಡೋರು ನಳದ ನೀರಾಗ ತೊಳೀಬ್ಯಾಡ್ರಿ, ಕ್ಲೋರಿನ್‌ಗೆ ಒಳಗಿನ ಬ್ಯಾಕ್ಟೀರಿಯಾ ಸಾಯ್ತಾವ. ನಿಮ್ಮ ತೊಟ್ಟಿ ನೀರಾಗ ತೋಯಿಸಿ ಕವರಿನ್ಯಾಗ ಹಾಕ್ರಿ, ಗಾಂಧಿ ಚೌಕಕ್ಕ ಬಂದು ಒಯ್ತೀವಿ. ಬಿಳಿ ಚುಕ್ಕಿ ರೋಗ ಬಂದ ತೊಟ್ಟೀದು ಬ್ಯಾಡ. ಅಮೋನಿಯಾ ಟೆಸ್ಟ್ ಕಿಟ್ ಇದ್ರ ಎರಡು ವಾರ ಕಡ ಕೊಡ್ರಿ. ಆಂಟಿಬಯೋಟಿಕ್ ಹಾಕ್ರಿ ಅನ್ನೋರು ಸ್ವಲ್ಪ ತಡೀರಿ, ಮೊದಲು ನೀರು ಸರಿ ಆಗ್ಲಿ.